ಒನ್ ಪೀಸ್ ಮಾಂಗಾ ಮೊದಲ ಸಲ ಓದುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಓದಬೇಕು ಅಂತ ಆಸೆ ಇದೆ, ಉದ್ದ ನೋಡಿದರೆ ಕೈ ಹಿಂದಕ್ಕೆ ಬರುತ್ತದೆ ಅನ್ನುವವರಿಗಾಗಿ ಈ ಪುಟ. ಮೊದಲ ನೂರು ಚಿಲ್ಲರೆ ಅಧ್ಯಾಯಗಳ ಆಚೆಗಿನ ಕಥೆಯನ್ನು ಇಲ್ಲಿ ಎಲ್ಲಿಯೂ ಬಿಟ್ಟುಕೊಟ್ಟಿಲ್ಲ. ಧೈರ್ಯವಾಗಿ ಓದಿ.

ಒನ್ ಪೀಸ್ ಅಂದರೆ ಏನು? ಯಾಕೆ ಇಷ್ಟು ಹೆಸರು?

ಎಯಿಚಿರೋ ಓಡಾ ಬರೆದು ಚಿತ್ರಿಸುತ್ತಿರುವ ಜಪಾನಿ ಕಾಮಿಕ್ಸ್. ಶೂಎಯ್ಶಾ ಪ್ರಕಾಶನದ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ 1997ರ ಜುಲೈ 22ರಂದು ಶುರುವಾಯಿತು. ಆಗ ಓಡಾಗೆ 22 ವರ್ಷ. ಐದು ವರ್ಷದಲ್ಲಿ ಮುಗಿಸಿಬಿಡಬಹುದು ಅನ್ನುವುದು ಅವರ ಮೊದಲಿನ ಅಂದಾಜಾಗಿತ್ತು. ಆ ಅಂದಾಜು ಎಲ್ಲಿಗೆ ಬಂದು ಮುಟ್ಟಿತು ನೋಡಿ: 110ಕ್ಕೂ ಹೆಚ್ಚು ಸಂಪುಟ, 1,100ಕ್ಕೂ ಹೆಚ್ಚು ಅಧ್ಯಾಯ, ಇನ್ನೂ ಮುಗಿದಿಲ್ಲ. 2022ರ ಹೊತ್ತಿಗೆ ಜಗತ್ತಿನಾದ್ಯಂತ 50 ಕೋಟಿ ಪ್ರತಿ ಅಚ್ಚಾಗಿದ್ದವು. ಒಬ್ಬನೇ ಲೇಖಕನ ಒಂದೇ ಕಾಮಿಕ್ಸ್ ಸರಣಿಗೆ ಇಷ್ಟು ಪ್ರತಿ ಅಚ್ಚಾಗಿರುವುದು ಗಿನ್ನೆಸ್ ದಾಖಲೆ.

ಕಥೆಯ ಎಳೆ ತುಂಬ ಸರಳ. ಕಡಲ್ಗಳ್ಳರ ರಾಜ ಗೋಲ್ಡ್ ರೋಜರ್ ಮರಣದಂಡನೆಗೆ ಗುರಿಯಾಗುವ ಮುನ್ನ, ತನ್ನ ಸಂಪತ್ತನ್ನೆಲ್ಲ ಒಂದು ಕಡೆ ಬಿಟ್ಟು ಬಂದಿದ್ದೇನೆ, ಬೇಕಾದವರು ಹುಡುಕಿಕೊಳ್ಳಿ ಎಂದು ಸಾರುತ್ತಾನೆ. ಲೋಕವೆಲ್ಲ ಹಡಗು ಹತ್ತುತ್ತದೆ. ವರ್ಷಗಳ ನಂತರ ಮಂಕಿ ಡಿ. ಲುಫಿ ಅನ್ನುವ ಹುಡುಗನೂ ಹೊರಡುತ್ತಾನೆ. ವಿಚಿತ್ರ ಹಣ್ಣೊಂದನ್ನು ತಿಂದು ಅವನ ಮೈ ರಬ್ಬರಾಗಿದೆ, ಆದರೆ ಅದೇ ಹಣ್ಣಿನ ಶಾಪದಿಂದ ಈಜು ಬಾರದು. ಈಜು ಬಾರದವನು ಕಡಲ್ಗಳ್ಳರ ರಾಜ ಆಗುತ್ತೇನೆ ಅನ್ನುತ್ತಾನೆ. ಅವನ ಹಡಗಿಗೆ ಒಬ್ಬೊಬ್ಬರಾಗಿ ಜನ ಸೇರುವುದೇ ಕಥೆಯ ಮೊದಲ ಭಾಗ.

ಇಷ್ಟು ಉದ್ದ ಇದೆಯಲ್ಲ, ಈಗ ಶುರು ಮಾಡಿದರೆ ಯಾವ ಕಾಲಕ್ಕೆ ಮುಗಿಯುತ್ತದೆ?

ಒಂದು ಅಧ್ಯಾಯಕ್ಕೆ ಸಾಮಾನ್ಯವಾಗಿ 17ರಿಂದ 19 ಪುಟ. ದಿನಕ್ಕೆ ಐದರಂತೆ ಓದಿದರೆ ಏಳೆಂಟು ತಿಂಗಳು, ಹತ್ತರಂತೆ ಓದಿದರೆ ನಾಲ್ಕು. ಪುಟದಲ್ಲಿ ಮಾತಿಗಿಂತ ಚಿತ್ರ ಹೆಚ್ಚು, ಹಾಗಾಗಿ ಕಾದಂಬರಿಯ ಲೆಕ್ಕ ಇಲ್ಲಿ ಹಿಡಿಯಬೇಡಿ. ಮೊದಲ ಸಂಪುಟಗಳು ಸರಸರನೆ ಸಾಗುತ್ತವೆ. ಮುಂದೆ ಹೋದಂತೆ ಚಿತ್ರಗಳು ಕಿಕ್ಕಿರಿದು, ಪುಟಕ್ಕೆ ಹಿಡಿಯುವ ಸಮಯ ಹೆಚ್ಚುತ್ತದೆ.

ಆದರೆ ಈ ಪ್ರಶ್ನೆ ಕೇಳುವ ರೀತಿಯೇ ನನಗೆ ಸರಿ ಕಾಣುವುದಿಲ್ಲ. ಮಾಂಗಾ ಓದುವ ಹೊಸಬರೆಲ್ಲ ಈಗೀಗ ‘ಕ್ಯಾಚಪ್ ಆಗಬೇಕು’ ಅನ್ನುತ್ತಾರೆ, ಸಿಲಬಸ್ ಮುಗಿಸುವವರ ಹಾಗೆ. ಇದು ವಾರಕ್ಕೊಂದು ಕಂತಿನಂತೆ, ಓದುಗ ಏಳು ದಿನ ಕಾಯುತ್ತಾನೆ ಅನ್ನುವ ಭರವಸೆಯ ಮೇಲೆ ಹೆಣೆದ ಕಥೆ. ದ್ವೀಪದಿಂದ ದ್ವೀಪಕ್ಕೆ ಓಡಿದರೆ ಮೂರನೆಯ ದ್ವೀಪದ ಹೊತ್ತಿಗೆ ಮೊದಲನೆಯದರ ರಾಜನ ಹೆಸರು ಮರೆತಿರುತ್ತದೆ, ಆಮೇಲೆ ಅವನೇ ಮುನ್ನೂರು ಅಧ್ಯಾಯ ಬಿಟ್ಟು ಮತ್ತೆ ಪ್ರತ್ಯಕ್ಷನಾದಾಗ ಯಾರಪ್ಪ ಇವನು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಒಂದು ಆರ್ಕ್, ಅಂದರೆ ಒಂದು ಕಥಾಭಾಗ, ಮುಗಿಯಿತೆಂದರೆ ಎರಡು ದಿನ ಪುಸ್ತಕ ಮುಚ್ಚಿಡಿ. ಬೇರೆ ಏನಾದರೂ ಓದಿ. ಕಥೆ ಎಲ್ಲಿಗೂ ಹೋಗುವುದಿಲ್ಲ.

ಎಲ್ಲಿಂದ ಶುರು ಮಾಡಲಿ? ಚಿತ್ರಗಳು ಚೆನ್ನಾಗಿರುವ ಕಡೆಯಿಂದ ಓದಬಹುದಾ?

ಮೊದಲನೆಯ ಅಧ್ಯಾಯದಿಂದಲೇ. ಹಳೆಯ ಚಿತ್ರಶೈಲಿ ದುಂಡುದುಂಡಗೆ, ಸ್ವಲ್ಪ ಮಕ್ಕಳ ಪುಸ್ತಕದ ಹಾಗಿದೆ ನಿಜ. ಆದರೆ ಆ ಮೊದಲ ಅಧ್ಯಾಯ ಸುಮಾರು ಐವತ್ತು ಪುಟಗಳಲ್ಲಿ ಏನು ಮಾಡುತ್ತದೆ ಗಮನಿಸಿ.

ಹಳ್ಳಿಯ ಹೆಂಡದಂಗಡಿ. ಕಡಲ್ಗಳ್ಳ ಶ್ಯಾಂಕ್ಸ್ ಮತ್ತು ಅವನ ಬಳಗ ಕುಡಿಯುತ್ತಾ ಕೂತಿದೆ. ಪಕ್ಕದಲ್ಲಿ ಏಳು ವರ್ಷದ ಲುಫಿ. ಬೆಟ್ಟದ ದರೋಡೆಕೋರನೊಬ್ಬ ಒಳನುಗ್ಗಿ, ಶ್ಯಾಂಕ್ಸ್ ಕೊಡಲು ಬಂದ ಬಾಟಲಿಯನ್ನೇ ಒಡೆದು ಅವನ ಮೈಯೆಲ್ಲ ತೋಯಿಸುತ್ತಾನೆ. ಸೊಂಟದಲ್ಲಿ ಕತ್ತಿ ಇದೆ. ಈಗ ಜಗಳ ಅಂತ ನಾವು ಕಾಯುತ್ತೇವೆ. ಶ್ಯಾಂಕ್ಸ್ ಅಂಗಡಿಯ ಹುಡುಗಿಯ ಕ್ಷಮೆ ಕೇಳಿ, ನೆಲ ಒರೆಸಲು ಬಟ್ಟೆ ಕೇಳುತ್ತಾನೆ. ದರೋಡೆಕೋರರು ಹೋದ ಮೇಲೆ ಅವನ ಬಳಗವೆಲ್ಲ ತಮ್ಮ ಕ್ಯಾಪ್ಟನ್ನಿನ ಅವಸ್ಥೆ ನೋಡಿ ಬಿದ್ದುಬಿದ್ದು ನಗುತ್ತದೆ, ಅವನೂ ನಗುತ್ತಾನೆ. ಸಿಟ್ಟಾಗುವುದು ಲುಫಿ ಒಬ್ಬನೇ. ಇದೇ ಅಧ್ಯಾಯದಲ್ಲಿ ಮುಂದೆ ಆ ಹುಡುಗ ದರೋಡೆಕೋರನ ಕಾಲಡಿಗೆ ಸಿಕ್ಕಾಗ ಅದೇ ಶ್ಯಾಂಕ್ಸ್ ನಗುವುದಿಲ್ಲ. ಯಾವ ಅವಮಾನಕ್ಕೆ ನಗಬೇಕು, ಯಾವುದಕ್ಕೆ ನಗಬಾರದು: ಮುಂದಿನ ಸಾವಿರ ಅಧ್ಯಾಯಗಳಲ್ಲಿ ಲುಫಿ ಯಾವಾಗ ಕೈ ಎತ್ತುತ್ತಾನೆ, ಯಾವಾಗ ಸುಮ್ಮನಿರುತ್ತಾನೆ ಅನ್ನುವುದೆಲ್ಲ ಇಲ್ಲೇ ತೀರ್ಮಾನವಾಗಿದೆ. ಮಧ್ಯದಿಂದ ಓದಿದವರಿಗೆ ಇದು ದಕ್ಕುವುದಿಲ್ಲ.

ನನಗೆ ಹಿಡಿಸುತ್ತದೋ ಇಲ್ಲವೋ ಅಂತ ಗೊತ್ತಾಗಲು ಎಷ್ಟು ಓದಬೇಕು?

95ನೇ ಅಧ್ಯಾಯದವರೆಗೆ, ಅಂದರೆ ಅರ್ಲಾಂಗ್ ಪಾರ್ಕ್ ಆರ್ಕ್ ಮುಗಿಯುವ ತನಕ. ಸಂಪುಟದ ಲೆಕ್ಕದಲ್ಲಿ ಹನ್ನೊಂದನೆಯದು. ಬಹಳ ಜನ ಮೂರನೆಯ ಸಂಪುಟಕ್ಕೇ ಕೈಬಿಡುತ್ತಾರೆ, ಅವರನ್ನು ತಪ್ಪು ಅನ್ನಲಾರೆ. ವಿದೂಷಕ ಬಗ್ಗಿಯ ಊರು, ಉಸೋಪ್‌ನ ಹಳ್ಳಿ ಇವೆರಡೂ ಸ್ವಲ್ಪ ಎಳೆದಂತೆಯೇ ಇವೆ. ತೇಲುವ ಹೋಟೆಲ್ ಬರಾಟಿಯೆ ಬಂದ ಮೇಲೆ ಓಡಾ ಕೈ ಪಳಗುತ್ತದೆ.

81ನೇ ಅಧ್ಯಾಯ ತಲುಪಿದಾಗ ನಿಧಾನಿಸಿ. ಯಾರಿಗೂ ಮುಟ್ಟಲು ಬಿಡದ ತನ್ನ ಹುಲ್ಲುಟೋಪಿಯನ್ನು ಲುಫಿ ತೆಗೆದು ಇನ್ನೊಬ್ಬರ ತಲೆಯ ಮೇಲಿಟ್ಟು ನಡೆಯುತ್ತಾನೆ. ಏನಾಯಿತು ಅಂತ ಕೇಳುವುದಿಲ್ಲ, ಸಮಾಧಾನದ ಒಂದು ಮಾತೂ ಆಡುವುದಿಲ್ಲ. ಆ ಪುಟ ನಿಮ್ಮನ್ನು ಅಲುಗಿಸದಿದ್ದರೆ ಒನ್ ಪೀಸ್ ನಿಮಗಲ್ಲ, ನಿಶ್ಚಿಂತೆಯಿಂದ ಬೇರೆ ಮಾಂಗಾ ಹುಡುಕಿಕೊಳ್ಳಿ. ಸಾವಿರ ಅಧ್ಯಾಯ ಓದಿದ ಮೇಲೆ ಹಿಡಿಸುತ್ತದೆ ಅನ್ನುವವರ ಮಾತು ನಂಬಬೇಡಿ.

ಮಾಂಗಾ ಓದಲೋ, ಅನಿಮೆ ನೋಡಲೋ?

ಮಾಂಗಾ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಕಾರಣ ಇಷ್ಟೇ. ಟೋಎಯ್ ಆನಿಮೇಷನ್ 1999ರ ಅಕ್ಟೋಬರ್‌ನಿಂದ ಇದನ್ನು ಅನಿಮೆಯಾಗಿ, ಅಂದರೆ ಕಾರ್ಟೂನ್ ಸರಣಿಯಾಗಿ, ಟಿವಿಗೆ ತರುತ್ತಿದೆ. ಮಾಂಗಾ ವಾರಕ್ಕೊಂದು ಅಧ್ಯಾಯ ಬಂದರೆ ಅನಿಮೆಯೂ ವಾರಕ್ಕೊಂದು ಕಂತು ಬರಬೇಕಿತ್ತು, ಆದರೆ ಮಾಂಗಾವನ್ನು ಹಿಂದಿಕ್ಕುವಂತಿಲ್ಲ. ಹಾಗಾಗಿ ಒಂದು ಅಧ್ಯಾಯವನ್ನೇ, ಕೆಲವೊಮ್ಮೆ ಅದಕ್ಕಿಂತ ಕಡಿಮೆಯನ್ನು, ಇಡೀ ಕಂತಿಗೆ ಹಿಗ್ಗಿಸಿದರು. ಶೀರ್ಷಿಕೆ ಹಾಡು, ಹಿಂದಿನ ವಾರದ ಪುನರಾವರ್ತನೆ, ಒಬ್ಬೊಬ್ಬರ ಮುಖದ ಮೇಲೂ ಬೆಚ್ಚಿಬಿದ್ದ ಕ್ಲೋಸಪ್, ಇವೆಲ್ಲ ಕಳೆದು ಉಳಿಯುವ ಕಥೆ ಸ್ವಲ್ಪವೇ. ಡ್ರೆಸ್‌ರೋಸಾ ಆರ್ಕ್ ನೋಡುವಾಗ ಇದು ಸಹಿಸಲಾಗದಷ್ಟು ಕಾಡುತ್ತದೆ. ನಮ್ಮ ಮೆಗಾ ಧಾರಾವಾಹಿ ನೋಡಿದವರಿಗೆ ಈ ರೋಗಲಕ್ಷಣ ಹೊಸದೇನಲ್ಲ.

ಅನಿಮೆಯಲ್ಲಿ ಚೆಂದವಿಲ್ಲ ಅಂತಲ್ಲ. ಲುಫಿಗೆ ಮೊದಲ ಕಂತಿನಿಂದ ಧ್ವನಿ ಕೊಡುತ್ತಿರುವ ಮಯೂಮಿ ತನಾಕಾ ನಗುವುದನ್ನು ಕೇಳಲೆಂದೇ ನೋಡಬಹುದು. ವಾನೋ ಆರ್ಕ್‌ನಿಂದ ಈಚೆಗೆ ಚಿತ್ರದ ಗುಣಮಟ್ಟವೂ ಬೇರೆಯೇ. ಮೊದಲು ಓದಿ, ಇಷ್ಟವಾದ ಕಾಳಗ, ಇಷ್ಟವಾದ ಬೀಳ್ಕೊಡುಗೆಗಳನ್ನು ಆಮೇಲೆ ಅನಿಮೆಯಲ್ಲಿ ನೋಡಿ.

ನೆಟ್‌ಫ್ಲಿಕ್ಸ್‌ನಲ್ಲಿ ನಟರು ಮಾಡಿದ ಸರಣಿಯ ಮೊದಲ ಸೀಸನ್ ನೋಡಿದ್ದೇನೆ. ಅಲ್ಲಿಂದ ಮುಂದಕ್ಕೆ ಓದಬಹುದಾ?

2023ರ ಆಗಸ್ಟ್ 31ರಂದು ಬಂದ ಆ ಎಂಟು ಕಂತುಗಳು ಹೆಚ್ಚುಕಡಿಮೆ 95ನೇ ಅಧ್ಯಾಯದ ತನಕದ ಕಥೆ. ಬೇಕಿದ್ದರೆ 96ರಿಂದ ಹಿಡಿಯಬಹುದು, ಕಥೆ ಅರ್ಥವಾಗುತ್ತದೆ. ಆದರೆ ಅಲ್ಲಿ ಬಹಳಷ್ಟು ಬದಲಾಗಿದೆ: ನೌಕಾಪಡೆಯ ಗಾರ್ಪ್ ಬಹಳ ಬೇಗ ಬಂದುಬಿಡುತ್ತಾನೆ, ಉಸೋಪ್‌ನ ಹಳ್ಳಿಯ ಕಥೆಯಲ್ಲಿನ ಸಮ್ಮೋಹನಗಾರ ಜಾಂಗೋ ಬರುವುದೇ ಇಲ್ಲ, ಮಾಂಗಾದಲ್ಲಿ ಬರಾಟಿಯೆ ಆರ್ಕ್ ಪೂರ್ತಿ ಆವರಿಸುವ ಡಾನ್ ಕ್ರೀಗ್ ಅಲ್ಲಿ ಬಂದ ಹಾಗೇ ಹೋಗುತ್ತಾನೆ. ಹೇಗೂ ನೂರೇ ಅಧ್ಯಾಯ, ಮೊದಲಿಂದ ಓದಿಬಿಡಿ.

ಪುಟ ಬಲದಿಂದ ಎಡಕ್ಕೆ ಓದಬೇಕಂತಲ್ಲ, ಕಷ್ಟವಾ?

ಒಂದು ಸಂಪುಟದಲ್ಲಿ ಅಭ್ಯಾಸವಾಗುತ್ತದೆ. ಪುಸ್ತಕ ನಮಗೆ ಹಿಂಬದಿ ಅನ್ನಿಸುವ ಕಡೆಯಿಂದ ತೆರೆಯುತ್ತದೆ. ಪುಟದ ಮೇಲಿನ ಬಲಮೂಲೆಯ ಚೌಕದಿಂದ ಶುರು ಮಾಡಿ ಎಡಕ್ಕೆ, ಆಮೇಲೆ ಕೆಳಗೆ. ಚೌಕದೊಳಗಿನ ಮಾತಿನ ಗುಳ್ಳೆಗಳಿಗೂ ಅದೇ ಕ್ರಮ. ಚೌಕಗಳ ನಡುವಿನ ಜಾಗ ಬಿಳಿಯ ಬದಲು ಕಪ್ಪಾಗಿದ್ದರೆ ಅದು ಸಾಮಾನ್ಯವಾಗಿ ಫ್ಲ್ಯಾಶ್‌ಬ್ಯಾಕ್. ಪುಸ್ತಕ ಮುಚ್ಚಿ ಅಂಚನ್ನು ನೋಡಿದರೆ ಈ ಸಂಪುಟದಲ್ಲಿ ಎಷ್ಟು ಫ್ಲ್ಯಾಶ್‌ಬ್ಯಾಕ್ ಇದೆ ಅಂತ ಕಪ್ಪು ಗೆರೆಗಳಲ್ಲೇ ತಿಳಿಯುತ್ತದೆ. ಗೆರೆ ದಪ್ಪಗಿದ್ದರೆ ಕರವಸ್ತ್ರ ಹತ್ತಿರ ಇಟ್ಟುಕೊಳ್ಳಿ.

ಬೇಡವಾದ ಆರ್ಕ್‌ಗಳನ್ನು ಬಿಟ್ಟು ಓದಬಹುದಾ? ಸ್ಕೈಪಿಯಾ ಬಿಡಬಹುದು ಅಂತಾರೆ.

ಬಿಡಬೇಡಿ. ಸ್ಕೈಪಿಯಾ ಬಿಡಿ ಅನ್ನುವುದು ಹಳೇ ಕಾಲದ ಸಲಹೆ. ಅನಿಮೆಯಲ್ಲಿ ಫಿಲ್ಲರ್ ಕಂತುಗಳನ್ನು, ಅಂದರೆ ಮಾಂಗಾದಲ್ಲಿಲ್ಲದೆ ನಡುವೆ ತುಂಬಿದ ಕಂತುಗಳನ್ನು, ಬಿಡಬಹುದು, ಮಾಂಗಾದಲ್ಲಿ ಫಿಲ್ಲರ್ ಅನ್ನುವುದೇ ಇಲ್ಲ. ಮುಖ್ಯ ದಾರಿಯಿಂದ ಹೊರಳಿದಂತೆ ಕಾಣುವ ಆ ಆಕಾಶದ್ವೀಪದಲ್ಲಿ ಬಿತ್ತಿದ್ದು ನೂರಾರು ಅಧ್ಯಾಯಗಳ ನಂತರ ಮೊಳೆಯುತ್ತದೆ. ಒನ್ ಪೀಸ್‌ನ ಸೊಗಸೇ ಅದು. ನೂರನೆಯ ಅಧ್ಯಾಯ ದಾಟಿದ ಕೂಡಲೇ, ಬಂಡೆಗೋಡೆಗೆ ತಲೆ ಚಚ್ಚಿಕೊಳ್ಳುವ ತಿಮಿಂಗಿಲವೊಂದು ಎದುರಾಗುತ್ತದೆ. ಅದನ್ನು ಮರೆಯಬೇಡಿ. ಅದಕ್ಕೆ ಉತ್ತರ ಸಿಗಲು ಜಪಾನಿನ ಓದುಗರು ಎಂಟು ವರ್ಷಕ್ಕೂ ಹೆಚ್ಚು ಕಾದರು.

ಇನ್ನೊಂದು ಮಾತು. ಅಧ್ಯಾಯದ ಮೊದಲ ಪುಟ, ಅಂದರೆ ಶೀರ್ಷಿಕೆ ಇರುವ ಚಿತ್ರ, ಬರೀ ಅಲಂಕಾರ ಅಂದುಕೊಂಡು ಪುಟ ತಿರುಗಿಸುವವರೇ ಹೆಚ್ಚು. 35ನೇ ಅಧ್ಯಾಯದಿಂದ ಆ ಪುಟಗಳಲ್ಲೇ ಇನ್ನೊಂದು ಕಥೆ ಕಂತುಕಂತಾಗಿ ಸಾಗುತ್ತದೆ: ಲುಫಿಯಿಂದ ಸೋತ ಬಗ್ಗಿ ಆಮೇಲೆ ಏನಾದ ಅಂತ. ಮುಂದೆ ಬೇರೆ ಬೇರೆ ಪಾತ್ರಗಳ ಸರದಿ. ಇವು ಕಥೆಯ ಲೋಕದಲ್ಲಿ ನಿಜವಾಗಿ ನಡೆದ ಘಟನೆಗಳು, ಅಲ್ಲಿ ಬದಲಾದ ಪಾತ್ರಗಳು ಬದಲಾದ ವೇಷದಲ್ಲೇ ಮುಖ್ಯ ಕಥೆಗೆ ಮರಳುತ್ತವೆ. ಅನಿಮೆ ಇವುಗಳಲ್ಲಿ ಹೆಚ್ಚಿನವನ್ನು ಕೈಬಿಟ್ಟಿದೆ. ಸಂಪುಟಗಳಲ್ಲಿ ಎಸ್‌ಬಿಎಸ್ ಅನ್ನುವ ಓದುಗರ ಪ್ರಶ್ನೋತ್ತರವೂ ಇರುತ್ತದೆ, ನಾಲ್ಕನೆಯ ಸಂಪುಟದಿಂದ ಶುರು. ಓಡಾ ಎಷ್ಟು ತರಲೆ ಮನುಷ್ಯ ಅಂತ ಅಲ್ಲಿ ಗೊತ್ತಾಗುತ್ತದೆ. ಕಥೆಯಲ್ಲಿ ಬಾರದ ಎಷ್ಟೋ ವಿವರ, ಪಾತ್ರಗಳ ಹುಟ್ಟುಹಬ್ಬದವರೆಗೆ, ಅಲ್ಲಿಯೇ ಮೊದಲು ಹೊರಬರುತ್ತದೆ.

ಗ್ರ್ಯಾಂಡ್ ಲೈನ್, ರೆಡ್ ಲೈನ್, ಈಸ್ಟ್ ಬ್ಲೂ… ಈ ಲೋಕದ ನಕ್ಷೆ ತಲೆಗೇ ಹತ್ತುತ್ತಿಲ್ಲ.

ಒಂದು ಗೋಳ ಊಹಿಸಿಕೊಳ್ಳಿ. ಅದರ ಸುತ್ತ ಉಂಗುರದಂತೆ ಒಂದೇ ಖಂಡ, ಆಕಾಶಕ್ಕೆ ಎದ್ದ ಗೋಡೆಯಂಥದ್ದು: ಅದು ರೆಡ್ ಲೈನ್. ಅದನ್ನು ಅಡ್ಡಲಾಗಿ ಕತ್ತರಿಸುವ ಇನ್ನೊಂದು ಉಂಗುರ, ಇದು ಸಮುದ್ರದ ಪಟ್ಟಿ: ಗ್ರ್ಯಾಂಡ್ ಲೈನ್. ಎರಡು ಉಂಗುರಗಳ ನಡುವೆ ಉಳಿದ ನಾಲ್ಕು ಭಾಗಗಳೇ ನಾಲ್ಕು ಕಡಲುಗಳು. ಲುಫಿ ಹುಟ್ಟಿದ ಈಸ್ಟ್ ಬ್ಲೂ ಅವುಗಳಲ್ಲಿ ಅತ್ಯಂತ ಸಪ್ಪೆ ಅಂತ ಹೆಸರು ಪಡೆದದ್ದು.

ಗ್ರ್ಯಾಂಡ್ ಲೈನ್‌ನ ಎರಡೂ ಅಂಚಿಗೆ ಗಾಳಿಯೇ ಬೀಸದ, ದೈತ್ಯ ಜಲಚರಗಳು ತುಂಬಿದ ಕಾಮ್ ಬೆಲ್ಟ್ ಇದೆ, ಹಾಯಿಹಡಗು ಅಲ್ಲಿ ನಿಂತರೆ ನಿಂತಿತು. ಒಳಗೆ ಪ್ರತಿ ದ್ವೀಪಕ್ಕೂ ತನ್ನದೇ ಕಾಂತಕ್ಷೇತ್ರ, ಹಾಗಾಗಿ ಸಾಮಾನ್ಯ ದಿಕ್ಸೂಚಿ ಕೆಲಸಕ್ಕೆ ಬಾರದು. ಲಾಗ್ ಪೋಸ್ ಅನ್ನುವ ಗಾಜಿನ ಗುಂಡು ಬೇಕು. ಅದು ಈಗಿರುವ ದ್ವೀಪದ ಕಾಂತತ್ವವನ್ನು ಹೀರಿಕೊಂಡ ಮೇಲಷ್ಟೇ ಮುಂದಿನ ದ್ವೀಪದ ಕಡೆ ಮುಳ್ಳು ತಿರುಗಿಸುತ್ತದೆ, ಅಲ್ಲಿಯವರೆಗೆ ಆ ದ್ವೀಪದಲ್ಲೇ ಕಾಯಬೇಕು. ಕಾಯುವಾಗ ಊರಿನ ಜಗಳ ಮೈಮೇಲೆ ಬರದೆ ಇರುತ್ತದೆಯೇ? ಒಂದು ದ್ವೀಪ ಒಂದು ಕಥೆ ಅನ್ನುವ ಕಟ್ಟೋಣವನ್ನು ಓಡಾ ಭೂಗೋಳದಿಂದಲೇ ಸಾಧಿಸಿದ್ದಾರೆ.

ಇದರಲ್ಲಿ ನಿಜವಾದ ಕಡಲ್ಗಳ್ಳರ ಚರಿತ್ರೆ ಏನಾದರೂ ಇದೆಯಾ?

ಹೆಸರುಗಳಲ್ಲಿ ಧಾರಾಳವಾಗಿ ಇದೆ. ಲುಫಿಯ ಬಳಗದ ಕತ್ತಿವರಸೆಗಾರ ರೊರೊನೋವಾ ಜೋರೋನ ಹೆಸರಿನ ಹಿಂದೆ 17ನೇ ಶತಮಾನದ ಫ್ರೆಂಚ್ ಕಡಲ್ಗಳ್ಳ ಫ್ರಾಂಸ್ವಾ ಲೊಲೊನೆ ಇದ್ದಾನೆ. ಬ್ಲ್ಯಾಕ್‌ಬಿಯರ್ಡ್ ಎಂದು ಹೆಸರಾದ ಎಡ್ವರ್ಡ್ ಟೀಚ್‌ನ ಹೆಸರನ್ನು ಓಡಾ ತುಂಡು ಮಾಡಿ ಒಬ್ಬರಿಗಿಂತ ಹೆಚ್ಚು ಪಾತ್ರಗಳಿಗೆ ಹಂಚಿದ್ದಾರೆ. ಆನ್ ಬಾನಿ, ವಿಲಿಯಂ ಕಿಡ್, ಬಾರ್ತಲೊಮ್ಯೂ ರಾಬರ್ಟ್ಸ್ ಹೀಗೆ ಹುಡುಕುತ್ತಾ ಹೋದರೆ ಮೋಜಿದೆ, ಆದರೆ ಇದನ್ನು ಕಥೆ ಓದಿದ ಮೇಲೆ ಮಾಡಿ. ಹೆಸರು ಹುಡುಕಲು ಹೋಗಿ ಸ್ಪಾಯ್ಲರ್ ತಿಂದು ಬರುವವರೇ ಹೆಚ್ಚು.

ಸರಕಾರವೇ ಪರವಾನಗಿ ಕೊಟ್ಟು ಸಾಕುವ ಏಳು ಕಡಲ್ಗಳ್ಳರ ಕೂಟ ಕಥೆಯಲ್ಲಿ ಬರುತ್ತದೆ, ಶಿಚಿಬುಕಾಯ್ ಅಂತ. ಕಟ್ಟುಕಥೆ ಅನ್ನಿಸಿದರೆ ನಮ್ಮ ಕರಾವಳಿಯನ್ನೇ ನೋಡಿ: ಹೊನ್ನಾವರವನ್ನು ನೆಲೆ ಮಾಡಿಕೊಂಡು ವಿಜಯನಗರದ ನೆರಳಿನಲ್ಲಿ ಹಡಗು ಸುಲಿಯುತ್ತಿದ್ದ ತಿಮ್ಮಯ್ಯ, ಪೋರ್ಚುಗೀಸರ ಬರಹಗಳ ತಿಮೋಜಾ, 1510ರಲ್ಲಿ ಗೋವಾ ಹಿಡಿಯಲು ಆಲ್ಬುಕರ್ಕ್‌ಗೆ ಜೊತೆಯಾದವನು. ಅವನು ಕಳ್ಳನೋ ನಾಯಕನೋ ಅನ್ನುವುದು ಯಾರು ಬರೆದರು ಅನ್ನುವುದರ ಮೇಲೆ ನಿಂತಿತ್ತು. ಓಡಾರ ಲೋಕದಲ್ಲೂ ಹಾಗೆಯೇ, ಬಿಳಿ ಸಮವಸ್ತ್ರದ ನೌಕಾಪಡೆಯವರೆಲ್ಲ ಒಳ್ಳೆಯವರಲ್ಲ ಅನ್ನುವುದು ಮೂರನೆಯ ಅಧ್ಯಾಯದಷ್ಟು ಬೇಗ ಗೊತ್ತಾಗುತ್ತದೆ.

ಕನ್ನಡದಲ್ಲಿ ಸಿಗುತ್ತದಾ?

ಅಧಿಕೃತ ಕನ್ನಡ ಆವೃತ್ತಿ ಇಲ್ಲ. ವಿಝ್ ಮೀಡಿಯಾದ ಇಂಗ್ಲಿಷ್ ಆವೃತ್ತಿಯನ್ನೇ ಓದಬೇಕು. ಇಂಗ್ಲಿಷ್ ಕಷ್ಟದ್ದಲ್ಲ, ಹೈಸ್ಕೂಲು ಮಕ್ಕಳೂ ಓದಬಲ್ಲರು. ಅದರಲ್ಲಿ ಜೋರೋನನ್ನು ‘ಜೋಲೋ’ ಅಂತ ಅಚ್ಚು ಹಾಕಿದ್ದಾರೆ, ನಿಮ್ಮ ಪ್ರತಿ ನಕಲಿ ಅಂತ ಗಾಬರಿಯಾಗಬೇಡಿ.

ಕಡಲ್ಗಳ್ಳರ ಕಥೆಯನ್ನು ಕದ್ದೇ ಓದಿದರೆ ತಪ್ಪೇನು?

ಈ ಜೋಕು ಎಲ್ಲರೂ ಮಾಡುತ್ತಾರೆ. ಕದಿಯುವ ಅಗತ್ಯವೇ ಇಲ್ಲದಷ್ಟು ಅಗ್ಗದ ದಾರಿಗಳಿವೆ. ಶೂಎಯ್ಶಾದ ಮಾಂಗಾ ಪ್ಲಸ್ ಆ್ಯಪ್‌ನಲ್ಲಿ ಮೊದಲ ಮೂರು ಮತ್ತು ಇತ್ತೀಚಿನ ಮೂರು ಅಧ್ಯಾಯ ಉಚಿತ. ವಿಝ್‌ನ ಶೋನೆನ್ ಜಂಪ್ ಆ್ಯಪ್ ಭಾರತದಲ್ಲೂ ಸಿಗುತ್ತದೆ, ಸಣ್ಣ ಮಾಸಿಕ ಚಂದಾ ಕಟ್ಟಿದರೆ ಹಳೆಯ ಅಧ್ಯಾಯಗಳೆಲ್ಲ ತೆರೆಯುತ್ತವೆ. ದಿನಕ್ಕೆ ನೂರು ಅಧ್ಯಾಯದ ಮಿತಿ ಇದೆ. ಆ ಮಿತಿ ಮುಟ್ಟುವವರು ದಯವಿಟ್ಟು ಎರಡನೆಯ ಉತ್ತರವನ್ನು ಇನ್ನೊಮ್ಮೆ ಓದಬೇಕು.

ಕಾಗದದ ಮೇಲೇ ಓದಬೇಕು ಅನ್ನುವವರು ಬಿಡಿ ಸಂಪುಟದ ಬದಲು ಮೂರು ಸಂಪುಟ ಒಟ್ಟಿಗೆ ಬೈಂಡ್ ಮಾಡಿದ ದಪ್ಪ ಪ್ರತಿ ಕೊಳ್ಳಿ, ದುಡ್ಡೂ ಉಳಿಯುತ್ತದೆ, ಕಪಾಟಿನ ಜಾಗವೂ ಉಳಿಯುತ್ತದೆ. ಅಂಥ ಮೊದಲ ನಾಲ್ಕು ಪುಸ್ತಕಗಳಿಗೆ ಈಸ್ಟ್ ಬ್ಲೂ ಮುಗಿಯುತ್ತದೆ. ಬೆಂಗಳೂರಿನವರಿಗೆ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಿವೆ, ಉಳಿದವರು ಆನ್‌ಲೈನ್ ತರಿಸಬಹುದು. ನಂಬಲಾಗದಷ್ಟು ಕಡಿಮೆ ಬೆಲೆ ಕಂಡರೆ ಅದು ನಕಲಿ ಮುದ್ರಣ: ಕಪ್ಪು ಭಾಗ ಬೂದುಬಣ್ಣಕ್ಕೆ ತಿರುಗಿ, ಎರಡು ಪುಟಕ್ಕೆ ಹರಡಿದ ಚಿತ್ರದ ಮಧ್ಯಭಾಗ ಬೈಂಡಿಂಗ್ ಒಳಗೆ ಹೂತುಹೋಗಿರುತ್ತದೆ. ಓಡಾರಂಥವರ ಚಿತ್ರಕ್ಕೆ ಅದು ದ್ರೋಹ.

ಮಕ್ಕಳಿಗೆ ಕೊಡಬಹುದಾ?

ವಿಝ್ ಇದಕ್ಕೆ ಹದಿಹರೆಯದವರಿಗೆ ಎಂಬ ಗುರುತು ಹಾಕಿದೆ. ಹದಿಮೂರು ದಾಟಿದವರಿಗೆ ಕೊಡಿ. ಹೊಡೆದಾಟ, ರಕ್ತ ಇದೆ. ಮುಂದೆ ಗುಲಾಮಗಿರಿ, ಜನಾಂಗದ್ವೇಷ, ದೊಡ್ಡವರನ್ನೂ ಅಲ್ಲಾಡಿಸುವ ಬಾಲ್ಯಗಳು ಬರುತ್ತವೆ. ಹೆಣ್ಣು ಪಾತ್ರಗಳನ್ನು ಓಡಾ ಚಿತ್ರಿಸುವ ರೀತಿ, ಅದರಲ್ಲೂ ಕಥೆಯ ಎರಡನೆಯ ಅರ್ಧದಲ್ಲಿ, ನನಗೂ ಸಹ್ಯವಲ್ಲ. ಲುಫಿಯ ಹಡಗಿನ ಅಡುಗೆಯವ ಸಾಂಜಿ ಹೆಂಗಸರ ಹಿಂದೆ ಬೀಳುವ ಹಾಸ್ಯ ಹಳಸಿದ್ದು. ಅಷ್ಟು ಗೊತ್ತಿದ್ದು ಕೊಡಿ.

ಪಾತ್ರಗಳ ಹೆಸರು ನೆನಪೇ ಉಳಿಯುತ್ತಿಲ್ಲ. ವಿಕಿ ನೋಡಿಕೊಂಡು ಓದಲಾ?

ಬೇಡವೇ ಬೇಡ. ವಿಕಿಯಲ್ಲಿ ಯಾವ ಪಾತ್ರದ ಪುಟ ತೆರೆದರೂ ಮೊದಲ ಸಾಲಿನಲ್ಲೇ ಅವನು ಮುಂದೆ ಏನಾದ, ಬದುಕಿದ್ದಾನೋ ಇಲ್ಲವೋ ಬರೆದಿರುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಟೈಪಿಸಿದರೆ ಸಾಕು, ಗೂಗಲ್ಲೇ ಸಾವಿನ ಸುದ್ದಿ ಕೊಡುತ್ತದೆ. ಯೂಟ್ಯೂಬ್ ಥಂಬ್‌ನೇಲ್‌ಗಳಂತೂ ಕರುಣೆ ಇಲ್ಲದವು. ಹೆಸರು ಮರೆತರೆ ಮರೆಯಿರಿ. ಓಡಾ ಪ್ರತಿಯೊಬ್ಬನಿಗೂ ವಿಚಿತ್ರ ಮೂಗು, ವಿಚಿತ್ರ ನಗೆ ಕೊಟ್ಟಿರುವುದು ಇದಕ್ಕೇ. ನಗೆಯ ಸದ್ದು ಕೇಳಿಯೇ ಇವನು ಆ ದ್ವೀಪದವನಲ್ಲವಾ ಅಂತ ಹೊಳೆಯುತ್ತದೆ. ತೀರಾ ಬೇಕಿದ್ದರೆ ಆರ್ಕ್ ಮುಗಿದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಡಿ: ಯಾವ ದ್ವೀಪ, ಯಾರು ಸೇರಿದರು, ಯಾವ ಪ್ರಶ್ನೆ ಬಾಕಿ, ಯಾರ ತಲೆಯ ಮೇಲೆ ಎಷ್ಟು ಬೆರ್ರಿ ಬಹುಮಾನ. ಬೆರ್ರಿ ಅಲ್ಲಿನ ದುಡ್ಡು. ಲುಫಿಯ ಮೊದಲ ಪೋಸ್ಟರ್‌ನಲ್ಲಿ 3 ಕೋಟಿ. ಮುಂದಿನ ಪೋಸ್ಟರ್‌ಗಳಲ್ಲಿ ಅದು ಏರುವುದನ್ನು ನೀವೇ ಬರೆದಿಟ್ಟುಕೊಂಡು ನೋಡುವ ಖುಷಿ ಬೇರೆ.

ಯಾವಾಗ ಮುಗಿಯುತ್ತದೆ? ಮುಗಿದ ಮೇಲೆ ಒಟ್ಟಿಗೆ ಓದಿದರೆ ಒಳ್ಳೆಯದಲ್ಲವಾ?

2022ರ ಜುಲೈನಲ್ಲಿ, ಒಂದು ತಿಂಗಳ ವಿರಾಮದ ನಂತರ, 1054ನೇ ಅಧ್ಯಾಯದಿಂದ ಕೊನೆಯ ಘಟ್ಟ ಶುರುವಾಗಿದೆ ಎಂದು ಓಡಾ ಸಾರಿದರು. ಐದು ವರ್ಷದ ಅಂದಾಜು ಹಾಕಿದ್ದವರ ‘ಕೊನೆಯ ಘಟ್ಟ’ ಎಷ್ಟು ಉದ್ದ ಅನ್ನುವುದನ್ನು ನಂಬಿ ಕೂರಬೇಡಿ. 2023ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಮತ್ತೊಮ್ಮೆ ಬಿಡುವು ತೆಗೆದುಕೊಂಡರು. ಈಗೀಗ ಮೂರು ವಾರ ಬಂದರೆ ಒಂದು ವಾರ ರಜೆ ಅನ್ನುವಂತೆ ಸಾಗುತ್ತಿದೆ. ಕಾಯುವುದಕ್ಕಿಂತ ಈಗಲೇ ಶುರು ಮಾಡಿ, ನಡೆಯುತ್ತಿರುವ ಕಥೆಯ ಕೊನೆಯನ್ನು ಲೋಕದ ಜೊತೆಗೇ ಓದುವ ಅವಕಾಶ ಸಿಕ್ಕರೂ ಸಿಗಬಹುದು.

ಹೊಸ ಅಧ್ಯಾಯ ಯಾವಾಗ ಬರುತ್ತದೆ?

ಜಪಾನಿನಲ್ಲಿ ಸೋಮವಾರ ಹುಟ್ಟುವ ಗಳಿಗೆಗೆ, ಅಂದರೆ ನಮಗೆ ಭಾನುವಾರ ರಾತ್ರಿ 8:30ಕ್ಕೆ, ಮಾಂಗಾ ಪ್ಲಸ್, ಶೋನೆನ್ ಜಂಪ್ ಎರಡೂ ಆ್ಯಪ್‌ಗಳಲ್ಲಿ. ಕದ್ದು ಸೋರಿದ ಪುಟಗಳು ಅದಕ್ಕೆ ಕೆಲವು ದಿನ ಮೊದಲೇ ಸಾಮಾಜಿಕ ಜಾಲತಾಣಗಳಲ್ಲಿ ಓಡಾಡುತ್ತವೆ. ನೀವು ಇತ್ತೀಚಿನ ಅಧ್ಯಾಯದವರೆಗೆ ಓದಿ ಮುಗಿಸಿದ ಮೇಲೆ ಬುಧವಾರದಿಂದ ಭಾನುವಾರದವರೆಗೆ ಒನ್ ಪೀಸ್‌ಗೆ ಸಂಬಂಧಿಸಿದ ಪದಗಳನ್ನು ಮ್ಯೂಟ್ ಮಾಡಿಡಿ. ರಜೆಯ ವಾರ ಯಾವುದು ಅಂತ ಹಿಂದಿನ ಅಧ್ಯಾಯದ ಕೊನೆಯ ಪುಟದಲ್ಲೇ ಹಾಕಿರುತ್ತಾರೆ.